ಹನ್ನೊಂದು ಸಾವುಗಳನ್ನು ಮುಂದೂಡಿದ ಮಳೆಗಾಲ

ಮೊನ್ನೆ ಗಂಗಮ್ಮನ ಗುಡಿ ರಸ್ತೆಯ ಹಾಸಿಗೆ ಅಂಗಡಿಯೊಂದಕ್ಕೆ ಹೋಗಿದ್ದೆ. "ಸಿಂಗಲ್ಲಾ ಡಬಲ್ಲಾ ಮೇಡಂ?" ಎಂದು ಅಂಗಡಿಯವರು ಕೇಳಿದರು. ಸಿಂಗಲ್ ಎಂದೆ. ಅವರು ಒಳಗಿನಿಂದ ಸ್ಪಂಜಿನ ಹಾಸಿಗೆಯೊಂದನ್ನು ಎಳೆದು ತಂದು, ಮೇಲಿನ ಪ್ಲಾಸ್ಟಿಕ್ಕನ್ನು ಪರ್ರನೆ ಹರಿದರು. ಹೊಸ ಸ್ಪಂಜಿನ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಅದೇ ವಾಸನೆ. ಗೋಡೆಗೆಲ್ಲ ಕಪ್ಪು ಸ್ಪಂಜು ಅಂಟಿಸಿದ್ದ, ಕಿಟಕಿಯೇ ಇಲ್ಲದ ನಾಗಸಂದ್ರದ ಆ ಕೋಣೆಯದು. ಆಮೇಲೆ ಬರುತ್ತೇನೆ ಅಂದು ಹೊರಗೆ ಬಂದುಬಿಟ್ಟೆ. ಅಂಗಡಿಯವರು ನನ್ನನ್ನು ಚೌಕಾಸಿ ಮಾಡುವವಳು ಅಂದುಕೊಂಡಿರಬೇಕು.

ಆ ಕೋಣೆಯಲ್ಲಿ ನಾನು ಒಂದು ಮಳೆಗಾಲ ಕೆಲಸ ಮಾಡಿದೆ. ಕೆಲಸ ಏನು ಎಂದು ಅವ್ವ ಫೋನಿನಲ್ಲಿ ಕೇಳಿದಾಗಲೆಲ್ಲ "ಬರಿಯೂ ಕೆಲಸ" ಎನ್ನುತ್ತಿದ್ದೆ. ಗದಗಿನಲ್ಲಿ ಅವ್ವ ನೆರೆಯವರಿಗೆ, ನಮ್ಮ ಗಿರಿಜಾ ಪೇಪರಿನಾಗ ಅದಾಳ ಎಂದು ಹೇಳಿಕೊಂಡು ಓಡಾಡುತ್ತಿದ್ದಳು. ನಾನಿದ್ದದ್ದು ಪೇಪರಿನಲ್ಲಲ್ಲ, ಒಂದು ಯೂಟ್ಯೂಬ್ ಚಾನೆಲ್ಲಿನಲ್ಲಿ. ಹೆಸರು ಹೇಳುವುದಿಲ್ಲ, ಈಗ ಅದು ಇಲ್ಲ ಕೂಡ. ಸಿನಿಮಾದವರ ಮದುವೆ, ಮುನಿಸು, ಹೊಸ ಗೇಮಿನ ಟ್ರೈಲರು, ಯಾವ ಹೀರೋ ಯಾರಿಗೆ ಟಾಂಗ್ ಕೊಟ್ಟ, ಇಂಥ ಸುದ್ದಿಗಳಿಗೆ ರಿಯಾಕ್ಷನ್ ಕೊಡುವ ಚಾನೆಲ್ಲು. ಕ್ಯಾಮೆರಾ ಮುಂದೆ ಕೂತು ಬೆಚ್ಚಿಬೀಳುವವನು ಚೇತು, ಚಾನೆಲ್ಲಿನ ಮಾಲೀಕ, ನನಗಿಂತ ಏಳು ವರ್ಷ ಚಿಕ್ಕವನು. ಏನು ಹೇಳಿ ಬೆಚ್ಚಿಬೀಳಬೇಕು ಎಂದು ಬರೆದುಕೊಡುವವಳು ನಾನು.

ಕೆಲಸ ಸಿಕ್ಕ ಬಗೆಯೂ ವಿಚಿತ್ರವೇ. ಯಲಹಂಕದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ಆ ವರ್ಷ ಅತಿಥಿಗಳು ಸಾಕು ಅಂದರು. ಅಬ್ಬಿಗೆರೆಯ ಎರಡನೇ ಮಹಡಿಯ ನನ್ನ ರೂಮಿನಲ್ಲಿ ಮೂರು ವಾರ ಸುಮ್ಮನೆ ಬಿದ್ದುಕೊಂಡಿದ್ದೆ. ಕಿಟಕಿ ತೆರೆದರೆ ಪಕ್ಕದ ಮನೆಯ ನೀರಿನ ಟ್ಯಾಂಕು, ಮುಚ್ಚಿದರೆ ಫೋನು. ಒಂದು ದಿನ ಚೇತುವಿನ ವಿಡಿಯೋದ ಕೆಳಗೆ, ನಿನಗೆ ಸಿನಿಮಾವೂ ಗೊತ್ತಿಲ್ಲ, ಕನ್ನಡವೂ ಗೊತ್ತಿಲ್ಲ, ಕನಿಷ್ಠ ನಾಚಿಕೆಯಾದರೂ ಗೊತ್ತಿದೆಯೇ ಎಂದು ಹನ್ನೆರಡು ಸಾಲು ಝಾಡಿಸಿ ಬರೆದೆ. ಅರ್ಧ ಗಂಟೆಯಲ್ಲಿ ಅವನ ಉತ್ತರ ಬಂತು: "ಅಕ್ಕಾ, ಇಷ್ಟು ಚೆನ್ನಾಗಿ ಬೈತೀರಲ್ಲ, ಕೆಲ್ಸಕ್ಕೆ ಬರ್ತೀರಾ?"

ಹೋದೆ. ಬೇರೆ ಗತಿ ಇರಲಿಲ್ಲ ಎನ್ನುವುದು ಅರ್ಧ ಸತ್ಯ. ನನ್ನ ಮಾತಿಗೆ ಯಾರೋ ಒಬ್ಬರು ಉತ್ತರ ಕೊಟ್ಟಿದ್ದರು ಎನ್ನುವುದು ಉಳಿದರ್ಧ.

ಬೆಳಿಗ್ಗೆ ಹತ್ತಕ್ಕೆ ಯಾವುದೋ ನಟಿಯ ನಿಶ್ಚಿತಾರ್ಥದ ಬಗ್ಗೆ ನಮಗೆ ಸಿಟ್ಟು ಬರಬೇಕು. ಹನ್ನೆರಡಕ್ಕೆ ಗೇಮಿನ ಹೊಸ ಗನ್ನು ನೋಡಿ ಹುಚ್ಚು ಖುಷಿಯಾಗಬೇಕು. ಮೂರಕ್ಕೆ ಒಬ್ಬ ಹೀರೋನ ಪರವಾಗಿ ಕಣ್ಣಲ್ಲಿ ನೀರು, ಐದಕ್ಕೆ ಅವನದೇ ಸಂಭಾವನೆಯ ಬಗ್ಗೆ ವ್ಯಂಗ್ಯ. ಇಷ್ಟೆಲ್ಲ ಭಾವನೆಗಳನ್ನು ಬರೆದುಕೊಟ್ಟು ಬಸ್ಸು ಹತ್ತಿದರೆ, ಆ ದಿನ ನಾನು ಬಾಯಿಬಿಟ್ಟು ಆಡಿದ ಮಾತು "ಅಬ್ಬಿಗೆರೆ ಒಂದು ಕೊಡಿ" ಎನ್ನುವುದಷ್ಟೇ ಆಗಿರುತ್ತಿತ್ತು. ಸ್ಟುಡಿಯೋದಲ್ಲಿಯೂ ನಾನು ಮಾತು ಕಡಿಮೆ ಮಾಡಿದ್ದೆ. ನಾನು ಬಾಯಿ ತೆರೆದರೆ 'ಹೌದ್ರಿ, ಅಲ್ರಿ' ಬರುತ್ತಿತ್ತು, ಚೇತು ಅದನ್ನೇ ಹಿಡಿದು ಅಣಕಿಸಿ ನಗುತ್ತಿದ್ದ. ಕೆಟ್ಟ ಹುಡುಗನೇನಲ್ಲ. ಆದರೂ ದಿನಾ ನಗಿಸುವುದಕ್ಕೆ ನಾನೇನು ಜೋಕರಲ್ಲವಲ್ಲ, ಬಾಯಿ ಮುಚ್ಚಿಕೊಂಡೆ.

ಚಾನೆಲ್ಲಿಗೆ ಒಂದು ಪದ್ಧತಿಯಿತ್ತು. ಎಲ್ಲವನ್ನೂ ಮೊದಲೇ ಮಾಡಿಟ್ಟುಕೊಳ್ಳುವುದು. ಶುಕ್ರವಾರದ ಸಿನಿಮಾಕ್ಕೆ ಗುರುವಾರವೇ ಎರಡು ರಿವ್ಯೂ ಸಿದ್ಧ, ಹೊಗಳುವ ಒಂದು 'ಬೆಂಕಿ', ತೆಗಳುವ ಒಂದು 'ತೋಪು'. ಮೊದಲ ಆಟ ಬಿಟ್ಟ ಮೇಲೆ ಜನ ಹೇಗಿದ್ದಾರೆಂದು ನೋಡಿ ಒಂದನ್ನು ಬಿಡುವುದು. ಅದೇ ಲೆಕ್ಕದಲ್ಲಿ ಕಾಯಿಲೆಬಿದ್ದ ಕಲಾವಿದರಿಗೆಲ್ಲ ಶ್ರದ್ಧಾಂಜಲಿ ವಿಡಿಯೋ ಮಾಡಿಟ್ಟಿದ್ದೆವು. ಸಾವಿನ ಸುದ್ದಿ ಬಂದ ಮೇಲೆ ಬರೆದು, ಮಾತಾಡಿ, ಏರಿಸುವಷ್ಟರಲ್ಲಿ ಬೇರೆಯವರು ಹಾಕಿಬಿಡುತ್ತಾರೆ ಎನ್ನುವುದು ಚೇತುವಿನ ಆತಂಕ. ಹಾಗಾಗಿ ವಿಡಿಯೋ ಮೊದಲೇ ಏರಿಸಿ, ಮುಂದಿನ ತಿಂಗಳ ಯಾವುದೋ ತಾರೀಕಿಗೆ ತಾನಾಗಿ ಪ್ರಕಟವಾಗುವಂತೆ ಕಟ್ಟಿಡುವುದು. ಸುದ್ದಿ ಬಂದರೆ ತಕ್ಷಣ ಬಿಡುವುದು, ಬರದಿದ್ದರೆ ತಿಂಗಳ ಮೊದಲ ದಿನ ಕೂತು ತಾರೀಕನ್ನು ಮತ್ತೊಂದು ತಿಂಗಳು ಮುಂದೂಡುವುದು. ನಾನು ಸೇರಿದಾಗ ಪಟ್ಟಿಯಲ್ಲಿ ಹತ್ತು ಜನರಿದ್ದರು, ಬೇಗನೇ ಹನ್ನೊಂದಾದರು. ಪ್ರತಿ ಒಂದನೇ ತಾರೀಕು ಹನ್ನೊಂದು ಜನರ ಸಾವನ್ನು ಮುಂದೂಡುವುದು ನನ್ನ ಪಾಲಿನ ಕೆಲಸ. ಮೊದಲ ಸಲ ಒಂದೊಂದು ಹೆಸರನ್ನೂ ಎರಡೆರಡು ಸಲ ಓದಿ ಮಾಡಿದ್ದೆ, ಎರಡನೇ ಸಲಕ್ಕೆ ಚಹಾ ಕುಡಿಯುತ್ತ ಮಾಡಿದೆ.

ಪಟ್ಟಿಯ ಕೊನೆಯಲ್ಲಿದ್ದವರು ಮುನಿಶಾಮಪ್ಪ. ಈ ಹೆಸರು ಯಾರಿಗೂ ಗೊತ್ತಿಲ್ಲ, ಮುಖ ಮಾತ್ರ ಎಲ್ಲರಿಗೂ ಗೊತ್ತು. ಹಳೆಯ ಸಿನಿಮಾಗಳಲ್ಲಿ ಆಪರೇಷನ್ ಕೋಣೆಯ ಕೆಂಪು ದೀಪ ಆರಿದ ಮೇಲೆ ಬಾಗಿಲು ತೆರೆದು ಹೊರಬರುತ್ತಾರಲ್ಲ, ಕನ್ನಡಕ ತೆಗೆದು ಎರಡು ಸಲ ತಲೆಯಾಡಿಸುತ್ತಾರಲ್ಲ, ಆ ಡಾಕ್ಟರು. ಇಪ್ಪತ್ತೆಂಟು ವರ್ಷ ಅವರು ಮಾಡಿದ್ದು ಅದೊಂದೇ ಪಾತ್ರ. ಟೈಟಲ್ಲಿನಲ್ಲಿ ಅವರ ಹೆಸರು ಬಂದದ್ದಿಲ್ಲ, 'ಮತ್ತು ಇತರರು' ಎಂಬಲ್ಲಿ ಅವರು ಇರುತ್ತಿದ್ದರು. ಆ ಹೊತ್ತಿಗೆ ಆ ತಲೆಯಾಡಿಸುವ ತುಣುಕು ಎಲ್ಲರ ಫೋನಿನಲ್ಲೂ ಇತ್ತು. ಗೇಮಿನಲ್ಲಿ ಸೋತರೆ ಡಾಕ್ಟರು, ಕ್ರಿಕೆಟ್ಟಿನಲ್ಲಿ ಸೋತರೆ ಡಾಕ್ಟರು, ಹೆಬ್ಬಾಳದ ಫ್ಲೈಓವರ್ ಕೆಳಗೆ ನೀರು ನಿಂತರೂ ಡಾಕ್ಟರು ಬಂದು ಕನ್ನಡಕ ತೆಗೆದು ತಲೆಯಾಡಿಸುತ್ತಿದ್ದರು. ಎದೆನೋವೆಂದು ಅವರು ಎರಡು ದಿನ ಆಸ್ಪತ್ರೆಯಲ್ಲಿದ್ದ ಸುದ್ದಿ ಎಲ್ಲಿಂದಲೋ ಸಿಕ್ಕಿದ ಮೇಲೆ ಅವರು ನಮ್ಮ ಪಟ್ಟಿಗೂ ಬಂದರು. ಅವರ ಶ್ರದ್ಧಾಂಜಲಿಯನ್ನು ನಾನು ಮನಸ್ಸಿಟ್ಟು ಬರೆದೆ. "ಇವರ ಹೆಸರು ನಿಮಗೆ ಗೊತ್ತಿಲ್ಲ. ಆದರೆ ನಿಮ್ಮ ಮನೆಯ ಎಲ್ಲ ಅಳುವಿಗೂ ಇವರು ಸಾಕ್ಷಿಯಾಗಿದ್ದಾರೆ" ಎಂದು ಅದು ಶುರುವಾಗುತ್ತಿತ್ತು. ಚೆನ್ನಾಗಿ ಬರೆದಿದ್ದೇನೆ ಎಂಬ ಜಂಭ ನನಗಿತ್ತು. ಈಗ ಆ ಸಾಲು ನೆನೆದರೆ ಮೈ ಉರಿಯುತ್ತದೆ.

ಆಷಾಢದ ಆ ಒಂದನೇ ತಾರೀಕು ಮಧ್ಯಾಹ್ನ ಮಳೆ ಹಿಡಿದಿತ್ತು. ಚೇತು ಮೈಕು ಹಾಕಿಕೊಂಡು ಗೇಮು ಆಡುತ್ತ ಲೈವಿನಲ್ಲಿದ್ದ. ನಾನು ಮೂಲೆಯಲ್ಲಿ ಪಟ್ಟಿ ತೆರೆದು ಒಂದೊಂದೇ ಹೆಸರು ಮುಂದೂಡುತ್ತಿದ್ದೆ. ಹತ್ತು ಮುಗಿದಿತ್ತು. ಅಷ್ಟರಲ್ಲಿ ನಮ್ಮ ಯಾವುದೋ ವಿಡಿಯೋದ ಕೆಳಗೆ ಹೊಸ ಕಾಮೆಂಟು ಬಂತು. "ಇದನ್ನು ಬರೆದವರು ಯಾರು? ಭಾಷೆ ಚೆನ್ನಾಗಿದೆ." ಹೆಸರಿನ ಜಾಗದಲ್ಲಿ ನಾಲ್ಕಾರು ಅಂಕಿಗಳು, ಚಿತ್ರವಿಲ್ಲ. ಚಾನೆಲ್ಲಿನ ಹೆಸರಿನಲ್ಲೇ ಧನ್ಯವಾದ ಎಂದೆ. ಅವರು ಇನ್ನೇನೋ ಕೇಳಿದರು, ನಾನು ಇನ್ನೇನೋ ಹೇಳಿದೆ. ಒಂದು ಗಂಟೆ ಹಾಗೇ ಹೋಯಿತು. ನಡುವೆ ಅವರು "ಊಟ ಆಯ್ತಾ?" ಎಂದು ಕೇಳಿದರು. ಆ ತಿಂಗಳು ಇಡೀ ಬೆಂಗಳೂರಿನಲ್ಲಿ ನನ್ನನ್ನು ಊಟ ಆಯಿತಾ ಎಂದು ಕೇಳಿದ ಮನುಷ್ಯ ಅವರೊಬ್ಬರೇ. ಗಂಡೋ ಹೆಣ್ಣೋ ಗೊತ್ತಿಲ್ಲ, ಮತ್ತೆ ಎಂದೂ ಬರಲಿಲ್ಲ. ಮಳೆ ನಿಂತಿತು, ಬಸ್ಸಿಗೆ ಹೊತ್ತಾಯಿತೆಂದು ನಾನು ಕಂಪ್ಯೂಟರು ಮುಚ್ಚಿ ಎದ್ದೆ. ಹನ್ನೊಂದನೆಯ ಹೆಸರು ಹಾಗೇ ಉಳಿಯಿತು.

ಹದಿನೆಂಟನೇ ದಿನ, ಗುರುವಾರ, ಬೆಳಿಗ್ಗೆ ಹನ್ನೊಂದಕ್ಕೆ ಮುನಿಶಾಮಪ್ಪನವರು ನಮ್ಮ ಚಾನೆಲ್ಲಿನಲ್ಲಿ ತೀರಿಕೊಂಡರು.

"ಗಿರಿಜಕ್ಕಾ! ಡಾಕ್ಟ್ರು ಹೋದ್ರಾ? ನೀವೇ ಹಾಕಿದ್ರಾ? ಸೂಪರ್ ಅಕ್ಕ, ನಾವೇ ಫಸ್ಟು!" ಎಂದು ಚೇತು ಕುರ್ಚಿಯಿಂದ ಎಗರಿದಾಗಲೇ ನನಗೆ ಗೊತ್ತಾಗಿದ್ದು. ಪಟ್ಟಿ ತೆರೆದು ನೋಡಿದೆ, ನನ್ನ ಕೈಯಾರೆ ಹಾಕಿದ್ದ ತಾರೀಕು. ಬಾಯಿಬಿಡುವ ಮೊದಲೇ ಬೇರೆ ಮೂರು ಚಾನೆಲ್ಲುಗಳು ನಮ್ಮದನ್ನು ನೋಡಿ ತಮ್ಮ ವಿಡಿಯೋ ಹಾಕಿದ್ದವು. ಕಾಮೆಂಟುಗಳು ಒಂದರ ಮೇಲೊಂದು ಬೀಳುತ್ತಿದ್ದವು. ಕೈಮುಗಿದ ಚಿತ್ರಗಳು, ಅಳುವ ಮುಖಗಳು, ಓಂ ಶಾಂತಿಗಳು. ಒಂದು ಗಂಟೆಗೆ ಚಾನೆಲ್ಲಿನ ನಂಬರಿಗೆ ಫೋನು ಬಂತು. ಚೇತು ಸ್ಪೀಕರಿಗೆ ಹಾಕಿದ.

"ನಾನು ಕೋಗಿಲಿಂದ ನಾಗರಾಜ ಅಂತ. ನಮ್ ಚಿಕ್ಕಪ್ಪನ್ನ ಸಾಯ್ಸಿರೋದು ನೀವೇನಾ? ಅವ್ರು ಇಲ್ಲೇ ಮುದ್ದೆ ಉಣ್ತಾ ಕುಂತವ್ರೆ. ಮನೆ ಮುಂದೆ ಆರ ಇಡ್ಕೊಂಡು ಜನ ಬತ್ತಾವ್ರೆ. ಅವ್ರಿಗೇನ್ ಏಳ್ಲಿ ನಾನು?"

ಚೇತು ಒಂದು ನಿಮಿಷ ತಲೆಮೇಲೆ ಕೈಹೊತ್ತು ಕೂತ. ಆಮೇಲೆ ಅವನ ಕಣ್ಣು ಹೊಳೆಯಿತು. "ಅಕ್ಕಾ, ಈಗ್ಲೇ ಹೋಗಿ. ಫೋನಲ್ಲೇ ಶೂಟ್ ಮಾಡ್ಕೊಂಡ್ ಬನ್ನಿ. 'ನಾನ್ ಚೆನ್ನಾಗಿದೀನಿ' ಅಂತ ಅವ್ರು ಹೇಳ್ಬೇಕು, ಆಗೋದಾದ್ರೆ ತಲೆ ಆಡಿಸ್ಲಿ. ಸತ್ತಿರೋ ಸುದ್ದಿಗೆ ಸತ್ತೋರೇ ರಿಯಾಕ್ಷನ್ ಕೊಟ್ಟಿರೋದು ಎಲ್ಲೂ ಇಲ್ಲ ಗುರು!"

"ಮೊದಲು ಆ ವಿಡಿಯೋ ತೆಗಿ ಚೇತು" ಎಂದೆ.

"ನೀವು ಶೂಟ್ ಮಾಡಿ ಕಳ್ಸಿ, ಆ ಕ್ಷಣ ತೆಗೀತೀನಿ. ಅಲ್ಲೀವರ್ಗೂ ಓಡ್ಲಿ ಬಿಡಿ."

ಎರಡು ಬಸ್ಸು ಬದಲಿಸಿ, ಯಲಹಂಕದ ಮೇಲೆ ಕೋಗಿಲಿಗೆ ಹೋದೆ. ಮೂರು ಮಹಡಿಯ ಮನೆ, ಮುಂದೆ ನಾಗರಾಜನ ಎರಡು ನೀರಿನ ಟ್ಯಾಂಕರುಗಳು. ಗೇಟಿಗೆ ಒರಗಿಸಿಟ್ಟ ಐದಾರು ಹಾರಗಳು ಮಳೆಯಲ್ಲಿ ನೆನೆಯುತ್ತಿದ್ದವು. ಮನೆಯ ಹಿಂದೆ ಶೀಟು ಹೊದಿಸಿದ ಒಂಟಿ ಕೋಣೆ. ಮುನಿಶಾಮಪ್ಪನವರಿಗೆ ಮದುವೆಯಾಗಿರಲಿಲ್ಲ, ಹೊಟ್ಟೆಪಾಡಿಗೆ ಮಾಡುತ್ತಿದ್ದ ಕಾರ್ಖಾನೆಯ ನೌಕರಿ ಮುಗಿದ ಮೇಲೆ ಅಣ್ಣನ ಮಗನ ಮನೆಯ ಹಿಂದಿನ ಆ ಕೋಣೆಯಲ್ಲಿದ್ದರು. ಮಂಚದ ಮೇಲೆ ಕೂತು, ಫೋನನ್ನು ಕಣ್ಣಿಂದ ದೂರ ಹಿಡಿದು ಏನೋ ಓದಲು ಹೆಣಗುತ್ತಿದ್ದರು. ನಾಗರಾಜ ಬಾಗಿಲಲ್ಲೇ ನಿಂತು ನಾನು ಯಾರೆಂದು ಹೇಳಿ ಹೋದ.

"ಬಾರವ್ವ. ನನ್ನ ಸಾಯ್ಸಿದೋಳು ನೀನೇಯಾ? ಕುಂತ್ಕೊ. ಕಾಪಿ ಕುಡೀತೀಯಾ?"

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು. "ತಪ್ಪಾಗೇತ್ರಿ ಸರ. ನಂದ ತಪ್ಪು. ನಾನ ತಾರೀಕು ಬದ್ಲಿ ಮಾಡೂದು ಮರ್ತೀನ್ರಿ" ಎಂದೆ. ಎಷ್ಟೋ ದಿನಗಳ ಮೇಲೆ ಅವ್ವನಲ್ಲದ ಒಬ್ಬರ ಮುಂದೆ ನನ್ನ ಊರಿನ ಮಾತು ಬಾಯಿಂದ ಬಂದಿತ್ತು, ಅದರ ಜೊತೆಗೆ ಅಳುವೂ ಬಂತು.

"ಯಾವ ಕಡೆಯೋಳವ್ವಾ ನೀನು?"

"ಗದಗ ಕಡಿಯಾಕಿರಿ."

"ಅಂಗಾ! ಇಲ್ಲಿ ಇಂಗ್ ಮಾತಾಡಿದ್ರೆ ನಗಲ್ವಾ ಜನ?" ಎಂದು ಅವರೇ ನಕ್ಕರು. "ನಂಗೂ ನಕ್ಕಿದ್ರು. ಮೊದಲ್ನೇ ಪಿಚ್ಚರ್‌ನಾಗೆ ನಂಗೆ ಡೈಲಾಗ್ ಇತ್ತು ಕಣವ್ವಾ. 'ಕ್ಷಮಿಸಿ, ಹೋಗಿಬಿಟ್ಟರು' ಅನ್ಬೇಕಿತ್ತು. ನನ್ನ ಬಾಯಾಗೆ 'ಓಗ್ಬುಟ್ರು' ಅಂತ್ಲೇ ಬಂತು. ಅತ್ತು ಸಲ ಏಳಿಸಿದ್ರು, ಅತ್ತು ಸಲಾನೂ ಓಗ್ಬುಟ್ರು. ಡೈರೆಕ್ಟ್ರು, ಬ್ಯಾಡ ಕಣಯ್ಯ, ನೀನು ಸುಮ್ಕೆ ಕನ್ನಡಕ ತೆಗ್ದು ತಲೆ ಆಡ್ಸು ಅಂದ್ರು. ಅವತ್ತಿಂದ ಅದ್ನೇ ಆಡ್ಸಿದ್ದು."

ಫೋನನ್ನು ನನ್ನ ಕೈಗೆ ಕೊಟ್ಟರು. "ಇದ್ನ ಓದಿ ಏಳವ್ವಾ. ನಂಗೆ ಕಣ್ಣು ಮಂಜು. ನಾಗರಾಜಂಗೆ ಪುರುಸೊತ್ತಿಲ್ಲ."

ಓದಿದೆ. ನಮ್ಮ ವಿಡಿಯೋದ ಕೆಳಗೆ ಹುಬ್ಬಳ್ಳಿಯ ಒಬ್ಬರು ಬರೆದಿದ್ದರು: ನಮ್ಮಪ್ಪ ಹೋದಾಗ ನಿಜವಾದ ಡಾಕ್ಟರು ನಮ್ಮ ಮುಖ ನೋಡದೆ ಹೋದರು, ನನಗೆ ಇವರು ನೆನಪಾದರು, ಇವರಾದರೆ ಒಂದು ನಿಮಿಷ ನಿಲ್ಲುತ್ತಿದ್ದರು. ಗೇಮು ಆಡುವ ಹುಡುಗನೊಬ್ಬ, ನಾನು ಸೋತ ಪ್ರತಿ ಮ್ಯಾಚಿಗೂ ನೀವು ಬಂದಿದ್ದಿರಿ ತಾತಾ, ಇವತ್ತು ನಿಮಗೋಸ್ಕರ ಆಡಲ್ಲ ಎಂದಿದ್ದ. ನಮ್ಮಮ್ಮ ಟೀವಿಯಲ್ಲಿ ಇವರು ಬಾಗಿಲು ತೆರೆದರೆ ಸಾಕು, ಸೆರಗು ಬಾಯಿಗೆ ಇಟ್ಟುಕೊಳ್ಳುತ್ತಿದ್ದರು ಎಂದು ಇನ್ನೊಬ್ಬರು. ಯಾರೀ ಮುದುಕ ಎಂದು ಕೇಳಿದವರೂ ಇದ್ದರು, ಅಂಥವನ್ನು ದಾಟಿಕೊಂಡು ಹೋದೆ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಒಂದೂವರೆ ಗಂಟೆ ಓದಿರಬೇಕು. ನನ್ನ ಗಂಟಲು ಒಣಗಿತು. ನಡುನಡುವೆ ಅವರು ಕೇಳುತ್ತಿದ್ದದ್ದು ಒಂದೇ: "ಯಾವೂರವ್ವಾ ಅವ್ರು?"

"ಸರ, ಈಗ ಎರಡ ಮಾತು ಹೇಳ್ರಿ. ನಾನು ಚಲೋ ಅದೀನಿ ಅಂತ. ಅದನ್ನ ಕಳಿಸಿದ್ರ ಸುಳ್ಳು ವಿಡಿಯೋ ತಗೀತಾರ" ಎಂದೆ.

ಅವರು ಫೋನನ್ನು ವಾಪಸು ಇಸಿದುಕೊಂಡು ಮಡಿಲಲ್ಲಿಟ್ಟುಕೊಂಡರು. ಆಮೇಲೆ, "ಇವತ್ತು ಬ್ಯಾಡ ಕಣವ್ವಾ. ನಾಳೀಕೆ ಏಳ್ತೀನಿ" ಎಂದರು. "ನಾನು ಬದ್ಕಿವ್ನಿ ಅಂದ್ಬುಟ್ರೆ ಇವ್ರೆಲ್ಲಾ ಎದ್ದೋಯ್ತಾರೆ."

ನಾನು ಹೊರಗೆ ಬಂದು ಚೇತುವಿಗೆ ಫೋನು ಮಾಡಿ, ಅವರಿಗೆ ಸುಸ್ತು, ಕ್ಯಾಮೆರಾ ಮುಂದೆ ಮಾತಾಡುವುದಿಲ್ಲವಂತೆ, ನಾಳೆ ಬೆಳಿಗ್ಗೆ ಬರಬೇಕಂತೆ ಎಂದು ಸುಳ್ಳು ಹೇಳಿದೆ. ಅವನಿಗೂ ಅದೇ ಬೇಕಾಗಿತ್ತು. ಇಡೀ ಒಂದು ದಿನ ಆ ಸುಳ್ಳು ಓಡಿತು. ಮೊದಲನೆಯದು ಮರೆವು ಎನ್ನಬಹುದು, ಎರಡನೆಯದನ್ನು ನಾನು ತಿಳಿದೇ ಮಾಡಿದೆ. ಈಗಲೂ ಆ ಜಾಗದಲ್ಲಿ ನಿಲ್ಲಿಸಿದರೆ ಅದನ್ನೇ ಮಾಡುತ್ತೇನೋ ಏನೋ.

ಮಾರನೇ ದಿನ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಕೂತಿದ್ದರು. "ನಮಸ್ಕಾರ. ನಾನು ಚೆನ್ನಾಗಿವ್ನಿ. ನಿಮ್ಮ ಅಬಿಮಾನಕ್ಕೆ ದೊಡ್ಡ ನಮಸ್ಕಾರ" ಎಂದು ನಕ್ಕು ಕೈಮುಗಿದರು. ಚೇತು ಹಳೆಯದನ್ನು ತೆಗೆದು ಇದನ್ನು ಹಾಕಿದ. ಜನಕ್ಕೆ ಸಂತೋಷವಾಗುತ್ತದೆ ಎಂದು ನಾನು ನಂಬಿದ್ದೆ, ಅಷ್ಟು ಪೆದ್ದಿ. ನಿನ್ನೆ ಅತ್ತವರಿಗೆಲ್ಲ ಇವತ್ತು ಸಿಟ್ಟು ಬಂದಿತ್ತು. "ನಮ್ ಕಣ್ಣೀರು ವೇಸ್ಟ್." "ಮುದುಕಂದು ಪಬ್ಲಿಸಿಟಿ ನಾಟಕ, ಹೆಂಗ್ ನಗ್ತಾನೆ ನೋಡು." "ಇಷ್ಟಕ್ಕೆ ಸತ್ತಿದ್ರೇ ಚೆನ್ನಾಗಿತ್ತು." ಚಾನೆಲ್ಲಿಗೆ ಬೈದವರು ಕೆಲವರೇ, ಹೆಚ್ಚಿನವರು ಬೈದದ್ದು ಅವರಿಗೆ. ಅವರ ಮಾತಿನ ರೀತಿಯನ್ನು ಹಿಡಿದು 'ಚೆನ್ನಾಗಿವ್ನಿ' ಎಂದು ಅಣಕಿಸಿ ಹೊಸ ತುಣುಕುಗಳೂ ಹುಟ್ಟಿಕೊಂಡವು.

ಆ ಭಾನುವಾರ ನಾನೇ ಕೋಗಿಲಿಗೆ ಹೋದೆ. ಯಾಕೆ ಹೋದೆ ಎಂದರೆ, ಭಾನುವಾರ ಹೋಗಲು ನನಗೆ ಬೇರೆ ಯಾವ ಮನೆಯೂ ಇರಲಿಲ್ಲ. ಹೋಗಿ ನೋಡಿದರೆ ಅವರು ಹಿಂದಿನ ಕೋಣೆಯಲ್ಲಿರಲಿಲ್ಲ. ಮುಂದಿನ ಮನೆಯ ಹಾಲಿನಲ್ಲಿ, ಸೋಫಾದ ಮೇಲೆ ಕೂತಿದ್ದರು. "ಬನ್ನಿ ಮೇಡಂ" ಎಂದ ನಾಗರಾಜ. "ನಮ್ ಚಿಕ್ಕಪ್ಪಂಗೆ ಇಷ್ಟು ಜನ ಅವ್ರೆ ಅಂತ ನಮ್ಗೇ ಗೊತ್ತಿರ್ಲಿಲ್ಲ. ಅವತ್ತು ಸಾಯಂಕಾಲದವರ್ಗೂ ಜನ ಬಂದ್ರು. ದೊಡ್ಬಳ್ಳಾಪುರದಿಂದ ಒಬ್ರು ಎಂಡ್ತಿ ಕರ್ಕಂಡ್ ಬಂದಿದ್ರು!" ಟ್ಯಾಂಕರ್ ನೀರಿಗೆ ಬಂದವರಿಗೆಲ್ಲ ಅವನು ಚಿಕ್ಕಪ್ಪನನ್ನು ಪರಿಚಯ ಮಾಡಿಸುತ್ತಿದ್ದನಂತೆ. ಊಟಕ್ಕೆ ಎಲ್ಲರ ಜೊತೆ ಕೂರಿಸಿಕೊಳ್ಳುತ್ತಿದ್ದರಂತೆ. ಮುನಿಶಾಮಪ್ಪನವರು ನನ್ನ ಕಡೆ ನೋಡಿ, "ಏನ್ ಬರ್ದವ್ರೆ ನೋಡವ್ವಾ ಈಗ? ಓದು, ನಾಗರಾಜನೂ ಕೇಳ್ಲಿ" ಎಂದರು.

ಫೋನು ತೆರೆದೆ. ಮೊದಲ ಸಾಲು ಕಣ್ಣಿಗೆ ಬಿತ್ತು, ಇಲ್ಲಿ ಬರೆಯುವಂಥದಲ್ಲ. ನಾನು ಪರದೆಯ ಮೇಲೆ ಕಣ್ಣಿಟ್ಟು, "ನೀವು ನೂರು ವರ್ಷ ಇರ್ರಿ ಯಜಮಾನ್ರ, ನಿಮ್ಮನ್ನ ನೋಡಿ ಹೊಟ್ಟಿ ತುಂಬಿತು" ಎಂದು ಓದಿದೆ. ಅದು ಎಲ್ಲಿಯೂ ಇರಲಿಲ್ಲ. ಎರಡನೆಯದನ್ನೂ ಕಟ್ಟಿ ಹೇಳಿದೆ, ಮೂರನೆಯದನ್ನೂ. ನನಗೆ ಅಭ್ಯಾಸವಿತ್ತಲ್ಲ, ದಿನಾ ಇಲ್ಲದ ಸಿಟ್ಟು ಇಲ್ಲದ ಸಂತೋಷ ಬರೆಯುವುದೇ ಕೆಲಸ.

ಶ್ರಾವಣ ಹೋಯಿತು, ಗಣೇಶನ ಹಬ್ಬ ಹೋಯಿತು, ದಸರೆಯೂ ಬಂದು ಹೋಯಿತು. ಪ್ರತಿ ಭಾನುವಾರ ಕೋಗಿಲಿನ ಆ ಹಾಲಿನಲ್ಲಿ ಕೂತು, ಖಾಲಿ ಪರದೆ ನೋಡುತ್ತ ನಾನು ಹತ್ತಿಪ್ಪತ್ತು ಕಾಮೆಂಟು ಓದುತ್ತಿದ್ದೆ. ಅಷ್ಟು ಹೊತ್ತಿಗೆ ಆ ವಿಡಿಯೋದ ಕೆಳಗೆ ಬೈಗುಳ ಕೂಡ ನಿಂತುಹೋಗಿತ್ತು, ಜನ ಬೇರೆ ಕಡೆ ಹೋಗಿಯಾಗಿತ್ತು. ಓದಿದ ಮೇಲೆ ಊಟ. ನಾಗರಾಜನ ಹೆಂಡತಿ ನನಗೂ ಮುದ್ದೆ ಬಡಿಸುತ್ತಿದ್ದಳು. ಆ ವರ್ಷ ನಾನು ಮನುಷ್ಯರ ನಡುವೆ ಕೂತು ಉಂಡ ಊಟ ಅದೊಂದೇ. ಅವರಿಗಾಗಿ ಸುಳ್ಳು ಹೇಳುತ್ತಿದ್ದೇನೆ ಎಂದುಕೊಳ್ಳುತ್ತಿದ್ದೆ. ನನಗಾಗಿಯೂ ಹೇಳುತ್ತಿದ್ದೆ ಎನ್ನುವುದನ್ನು ಈಗ ಒಪ್ಪಿಕೊಳ್ಳಲು ಅಡ್ಡಿಯಿಲ್ಲ.

ಒಂದು ಭಾನುವಾರ ನಾಗರಾಜ ಹೊರಗೆ ಹೋದ ಮೇಲೆ ಮುನಿಶಾಮಪ್ಪನವರು ಮೆಲ್ಲಗೆ, "ಎಲ್ರೂ ನಿಮ್ ಕಡೆಯೋರೇ ಬರೀತಾ ಅವ್ರಲ್ಲವ್ವಾ ಈಗ?" ಎಂದರು. ನಾನು ಫೋನು ಕೆಳಗಿಟ್ಟೆ. ಮುಖವೆತ್ತಿ ಅವರನ್ನು ನೋಡುವ ಧೈರ್ಯವಾಗಲಿಲ್ಲ. "ಓದವ್ವಾ, ನಿಲ್ಲುಸ್‌ಬ್ಯಾಡ. ನೀನ್ ಓದೋದು ಚೆನ್ನಾಗೈತೆ" ಎಂದರು. "ನಾಗರಾಜನ ಮುಂದೆ ಮಾತ್ರ ಒಂದಿಷ್ಟು ಈ ಕಡೆಯೋರ್‌ನೂ ಸೇರ್ಸು."

ಕಾರ್ತಿಕದ ಒಂದು ಬೆಳಿಗ್ಗೆ ನಾಗರಾಜನ ಫೋನು ಬಂತು. "ಚಿಕ್ಕಪ್ಪ ಓಗ್ಬುಟ್ರು ಮೇಡಂ. ಕಾಪಿ ಕುಡ್ದು ಲೋಟ ಕೆಳಗಿಟ್ರು, ಅಂಗೇ ಒರಗಿದ್ರು. ನಿಮ್ ಚಾನೆಲ್‌ನಾಗೆ ಆಕ್ಬುಡಿ. ಅವತ್ತೇ ಅಷ್ಟು ಜನ ಬಂದಿದ್ರು, ಇವತ್ತು ರೋಡ್ ತುಂಬೋಯ್ತದೆ. ಶಾಮಿಯಾನ ಏಳಿದೀನಿ, ನೂರು ಕುರ್ಚಿ ಏಳಿದೀನಿ."

ನಾನು ಚೇತುವಿಗೆ ಫೋನು ಮಾಡಿದೆ. "ಪಾಪ ಅಕ್ಕ. ನಿಜವಾಗ್ಲೂ ಪಾಪ. ಆದ್ರೆ ನಾನ್ ಹಾಕಲ್ಲ. ಮತ್ತೆ ಹಾಕಿದ್ರೆ ಎಲ್ರೂ ಸೇರಿ ರಿಪೋರ್ಟ್ ಹೊಡೀತಾರೆ, ಚಾನೆಲ್ಲೇ ಎದ್ದೋಗುತ್ತೆ. ನಮ್ ಚಾನೆಲ್ಲಲ್ಲಿ ಅವ್ರು ಆಗ್ಲೇ ಹೋಗಿದಾರೆ ಅಕ್ಕ."

ಬೇರೆ ಚಾನೆಲ್ಲಿನವರನ್ನು ಕೇಳಿದೆ. ಒಂದು ಸಲ ನಿಮ್ಮನ್ನು ನಂಬಿ ಮರ್ಯಾದೆ ಹೋಯಿತು ಅಂದರು. ಕೊನೆಗೆ ಬಸ್ಸಿನಲ್ಲಿ ಕೂತು, ನನ್ನ ಸ್ವಂತ ಹೆಸರಿನ ಖಾತೆಯಲ್ಲಿ, ನನ್ನ ಊರಿನ ಹೆಸರನ್ನೂ ಸೇರಿಸಿ ನಾನೇ ಬರೆದೆ. ಕನ್ನಡದ ಡಾಕ್ಟರ್ ಪಾತ್ರದ ಮುನಿಶಾಮಪ್ಪನವರು ಇವತ್ತು ಬೆಳಿಗ್ಗೆ ತೀರಿಕೊಂಡರು. ಕೋಗಿಲಿನ ಅವರ ಮನೆಯಲ್ಲಿ ಮಧ್ಯಾಹ್ನದವರೆಗೆ ದರ್ಶನಕ್ಕೆ ಇಟ್ಟಿರುತ್ತಾರೆ, ದಯವಿಟ್ಟು ಬನ್ನಿ. ಹೊಗಳಿಕೆಯ ಒಂದು ಪದವನ್ನೂ ಹಾಕಲಿಲ್ಲ. ಜೀವನದಲ್ಲಿ ಅಷ್ಟು ನೆಟ್ಟಗೆ ನಾನು ಏನನ್ನೂ ಬರೆದವಳಲ್ಲ.

ಯಲಹಂಕ ಬರುವಷ್ಟರಲ್ಲಿ ಉತ್ತರಗಳು ಶುರುವಾಗಿದ್ದವು. "ಮತ್ತೆ ಸತ್ರಾ?" "ಸೀಸನ್ ಎರಡು." "ವ್ಯೂಸ್‌ಗೋಸ್ಕರ ಏನ್ ಬೇಕಾದ್ರೂ ಮಾಡ್ತಾರೆ ಇವ್ರು." ಯಾರೋ ಡಾಕ್ಟರರ ತಲೆಯಾಡಿಸುವ ತುಣುಕನ್ನೇ ಹಾಕಿದ್ದರು. ಅದರ ಕೆಳಗೆ ನಗುವ ಮುಖಗಳ ಸಾಲು.

ಮನೆಯ ಮುಂದೆ ಟ್ಯಾಂಕರುಗಳನ್ನು ಪಕ್ಕಕ್ಕೆ ಸರಿಸಿ ಶಾಮಿಯಾನ ಹಾಕಿದ್ದರು. ಹತ್ತು ಸಾಲು ಕೆಂಪು ಪ್ಲಾಸ್ಟಿಕ್ ಕುರ್ಚಿಗಳು. ಮೊದಲ ಸಾಲಿನಲ್ಲಿ ನಾಗರಾಜನ ನೆಂಟರು, ಎರಡನೆಯದರಲ್ಲಿ ಓಣಿಯ ನಾಲ್ಕೈದು ಹೆಂಗಸರು. ಉಳಿದವೆಲ್ಲ ಖಾಲಿ. ಮುನಿಶಾಮಪ್ಪನವರಿಗೆ ಅದೇ ಬಿಳಿ ಅಂಗಿ ತೊಡಿಸಿ, ಕನ್ನಡಕ ಹಾಕಿದ್ದರು. ಬಂದವರಿಗೆ ಗುರುತು ಸಿಗಲಿ ಎಂದು ನಾಗರಾಜನೇ ಹಾಕಿಸಿದ್ದನಂತೆ. ಅವನು ಪ್ರತಿ ಆಟೋ ಸದ್ದಿಗೂ ಗೇಟಿನವರೆಗೆ ಹೋಗಿ ಬರುತ್ತಿದ್ದ. ಹನ್ನೆರಡಕ್ಕೆ ಎತ್ತಬೇಕಿತ್ತು. "ದೂರದಿಂದ ಬರೋರು ಇರ್ತಾರೆ, ಒಂದ್ ಗಂಟೆ ಕಾಯಾನ" ಎಂದು ಹಿರಿಯರನ್ನು ಒಪ್ಪಿಸಿದ. ಒಂದಾಯಿತು. ಎರಡಾಯಿತು.

"ಯಾರಾದ್ರೂ ಬತ್ತೀನಿ ಅಂತ ಬರ್ದವ್ರಾ ಮೇಡಂ? ಒಸಿ ಓದಿ ಏಳಿ" ಎಂದು ನಾಗರಾಜ ಕೇಳಿದ.

ಎಲ್ಲರೂ ನನ್ನನ್ನು ನೋಡಿದರು. ಆ ಕ್ಷಣಕ್ಕೆ ಹತ್ತು ಸಾಲು ಕಟ್ಟಿ ಹೇಳುವುದು ನನಗೆ ಕಷ್ಟವಿರಲಿಲ್ಲ, ನಾಲಿಗೆಯ ತುದಿಗೆ ಬಂದೂ ಇತ್ತು. "ಇಲ್ರಿ" ಎಂದೆ. "ಯಾರೂ ನಂಬವಲ್ರು. ಆವತ್ತು ನಾನು ಮಾಡಿದ ತಪ್ಪಿಗೆ ಇವತ್ತು ಯಾರೂ ನಂಬವಲ್ರು. ಇಷ್ಟ ದಿನ ನಾ ಓದಿದ್ದೂ ಯಾರೂ ಬರದದ್ದಲ್ರಿ. ನಾನ ಕಟ್ಟಿ ಹೇಳ್ತಿದ್ದೆ."

ನಾಗರಾಜ ಖಾಲಿ ಕುರ್ಚಿಗಳ ಕಡೆ ಒಮ್ಮೆ ನೋಡಿ, ಚಿಕ್ಕಪ್ಪನ ಕನ್ನಡಕ ತೆಗೆದು ಮಡಚಿ ಜೇಬಿಗಿಟ್ಟುಕೊಂಡು, "ಎತ್ರಪ್ಪಾ" ಎಂದ.

ಗಂಡಸರು ಹೊರಟುಹೋದರು. ಹೆಂಗಸರು ನೀರು ಹಾಕಿ ಮನೆ ತೊಳೆಯಲು ಒಳಗೆ ಹೋದರು. ಶಾಮಿಯಾನದ ಕೆಳಗೆ ನಾನೊಬ್ಬಳೇ ಉಳಿದೆ. ಫೋನು ಮತ್ತೆ ಸದ್ದು ಮಾಡಿತು. "ನಿಜಾನೇ ಆದ್ರೆ ಪ್ರೂಫ್ ಹಾಕಿ" ಎಂದು ಯಾರೋ ಬರೆದಿದ್ದರು. ಫೋಟೋ ತೆಗೆಯಲೆಂದು ಫೋನನ್ನು ಎತ್ತಿ ಹಿಡಿದೆ. ಶಾಮಿಯಾನ, ನೆಲದ ಮೇಲೆ ಉದುರಿದ ಹೂವು, ಸಾಲಾಗಿ ಖಾಲಿ ಕುರ್ಚಿಗಳು, ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಫೋನನ್ನು ಕೆಳಗಿಳಿಸಿದೆ. ಆ ಕುರ್ಚಿಗಳನ್ನು ನೋಡಿದ್ದರೆ ಪ್ರೂಫ್ ಕೇಳಿದವರಿಗೆ ಈ ಸಾವೂ ಸುಳ್ಳೇ ಎಂದು ಖಾತ್ರಿಯಾಗುತ್ತಿತ್ತು.